ಕಾಲುವೆಯ ಕಲ್ಲುಸೇತುವೆ

ಕೃಷಿಗಾಗಿಯಾಗಲಿ, ನೌಕಾಸಂಚಾರಕ್ಕಾಗಿಯಾಗಲಿ ಮನುಷ್ಯನು ತೋಡಿದ ಕಾಲುವೆಯನ್ನು ಕಲ್ಲುಕಟ್ಟಡದಿಂದ ದಾಟಿ, ಆ ಕಾಲುವೆಯಿಂದಲೇ ಕಡಿದುಹೋದ ದಾರಿಯನ್ನು ಮರಳಿ ಕೂಡಿಸುವ ರಚನೆಗೆ ಕಾಲುವೆಯ ಕಲ್ಲುಸೇತುವೆ ಎಂದು ಹೆಸರು. ನದಿಯ ಸೇತುವೆಗೂ ಇದಕ್ಕೂ ಮೂಲದಲ್ಲಿಯೇ ಭೇದವುಂಟು. ನದಿಯು ದಾರಿಗಿಂತ ಮೊದಲಿನದು. ಜನರು ಅದರ ಕಾಲ್ದಾಟುಗಳನ್ನೂ ದೋಣಿಗಡಗಳನ್ನೂ ಅರಸಿಕೊಂಡು ಹೋಗಿ ದಾರಿಗಳನ್ನು ಮಾಡಿಕೊಂಡರು. ಕಾಲುವೆಯಾದರೋ ಅದಾಗಲೇ ಬಳಕೆಯಲ್ಲಿರುವ ದಾರಿಗಳ, ಹೊಲಗಳ, ಗೋಮಾಳಗಳ ನಡುವೆ ಹೊಸದಾಗಿ ಬಂದು ಊರನ್ನು ಅದರ ಭೂಮಿಯಿಂದ ಬೇರ್ಪಡಿಸುವುದು. ಆದುದರಿಂದ ಸೇತುವೆಯನ್ನು ಕಟ್ಟಿಕೊಡುವ ಹೊಣೆಯು ಕಾಲುವೆಯನ್ನು ತೋಡಿದವರದೇ ಆಗಿ, ಸೇತುವೆಯು ಕಾಲುವೆಯ ಒಂದು ಅಂಗವೆಂದೇ ಎಲ್ಲೆಡೆ ಪರಿಗಣಿತವಾಗಿದೆ.

ನೀರು ಕೆಳಗೆ ಹರಿದು ದಾರಿ ಮೇಲೆ ಸಾಗುವಲ್ಲಿ ಸೇತುವೆ ಎಂಬ ಶಬ್ದವೂ, ಕಾಲುವೆಯ ನೀರೇ ನದಿಯನ್ನೋ ಹಳ್ಳವನ್ನೋ ಮೇಲಿಂದ ದಾಟುವಲ್ಲಿ ಮೇಲ್ಗಾಲುವೆ ಎಂಬ ಶಬ್ದವೂ ರೂಢಿಯಲ್ಲಿವೆ. ಕಟ್ಟಡದ ದೃಷ್ಟಿಯಿಂದ ಇವೆರಡೂ ಒಂದೇ ಕುಲಕ್ಕೆ ಸೇರಿದವುಗಳಾದ ಕಾರಣ ಈ ಲೇಖನದಲ್ಲಿ ಒಟ್ಟಿಗೆ ವಿವೇಚಿಸಲ್ಪಟ್ಟಿವೆ.

ಉಗಮ

ಕಾಲುವೆಗಳೂ ಕಲ್ಲುಸೇತುವೆಗಳೂ ಬಹು ಪ್ರಾಚೀನವಾದವುಗಳೇ ಆದರೂ, ಮೈಲುಗಟ್ಟಲೆ ಸಾಗುವ ಕಾಲುವೆಯೊಂದರ ಮೇಲೆ ನಿಯತವಾದ ಅಂತರದಲ್ಲಿ ಒಂದೇ ಮಾದರಿಯ ಸೇತುವೆಗಳನ್ನು ಕಟ್ಟುವ ಪದ್ಧತಿಯು ಯುರೋಪಿನ ನೌಕಾಕಾಲುವೆಗಳೊಡನೆ ರೂಪುಗೊಂಡಿತು. ಪಿಯೆರ್ ಪಾಲ್ ರಿಕೆಯ ನೇತೃತ್ವದಲ್ಲಿ 1666ರಲ್ಲಿ ಆರಂಭವಾಗಿ 1681ರಲ್ಲಿ ಸಂಚಾರಕ್ಕೆ ತೆರೆದ ಫ್ರಾನ್ಸಿನ ಮಿದಿ ಕಾಲುವೆಯು ಈ ವಿಷಯದಲ್ಲಿ ಅಗ್ರಗಣ್ಯವಾದುದು. ಇಂಗ್ಲೆಂಡಿನಲ್ಲಿ ಕಲ್ಲಿದ್ದಲನ್ನು ಮ್ಯಾಂಚೆಸ್ಟರಿಗೆ ಸಾಗಿಸುವ ಸಲುವಾಗಿ ತೋಡಿದ ಬ್ರಿಜ್‌ವಾಟರ್ ಕಾಲುವೆಯನ್ನು 1761ರಲ್ಲಿ ಇರ್ವೆಲ್ ನದಿಯ ಮೇಲೆ ಕಲ್ಲಿನ ಕಮಾನುಗಳಿಂದ ದಾಟಿಸಿದ ಜೇಮ್ಸ್ ಬ್ರಿಂಡ್ಲಿಯ ಬಾರ್ಟನ್ ಮೇಲ್ಗಾಲುವೆಯು ಕೈಗಾರಿಕಾ ಯುಗದ ಕಾಲುವೆ ನಿರ್ಮಾಣಕ್ಕೆ ನಾಂದಿಯಾಯಿತು. ಆ ಕಾಲದ ದೋಣಿಗಳನ್ನು ದಂಡೆಯ ಮೇಲೆ ನಡೆಯುವ ಕುದುರೆಗಳು ಹಗ್ಗದಿಂದ ಎಳೆಯುತ್ತಿದ್ದುವಾದುದರಿಂದ, ಕಮಾನಿನ ಅಂಚಿನ ಕಲ್ಲುಗಳಲ್ಲಿ ಹಗ್ಗವು ದಶಕಗಳ ಕಾಲ ಉಜ್ಜಿ ಕೊರೆದ ಬೆರಳಗಲದ ಗೀರುಗಳು ಅನೇಕ ಸೇತುವೆಗಳಲ್ಲಿ ಇಂದಿಗೂ ಕಾಣಬರುತ್ತವೆ.

ಭಾರತದಲ್ಲಿ ಈ ವಿದ್ಯೆಯು ಪ್ರಧಾನವಾಗಿ ನೀರಾವರಿಯ ಸೇವೆಗೆ ಒದಗಿತು. ಪ್ರೋಬಿ ಕಾಟ್ಲಿಯು ನಿರ್ಮಿಸಿ 1854ರಲ್ಲಿ ತೆರೆದ ಗಂಗಾ ಕಾಲುವೆಯು ರೂರ್ಕಿಯಲ್ಲಿ ಸೋಲಾನಿ ನದಿಯನ್ನು ತಲಾ 50 ಅಡಿಗಳ 15 ಕಮಾನುಗಳ ಮೇಲೆ ದಾಟುವುದು. ಕಲ್ಲು ದುರ್ಲಭವಾದ ಆ ಬಯಲು ಸೀಮೆಯಲ್ಲಿ ಅದನ್ನು ಇಟ್ಟಿಗೆಯಿಂದಲೇ ಕಟ್ಟಬೇಕಾಯಿತು. ದಕ್ಷಿಣದಲ್ಲಿ ಆರ್ಥರ್ ಕಾಟನ್ನನು 1847ರಿಂದ 1852ರವರೆಗೆ ಗೋದಾವರಿಗೆ ಧವಳೇಶ್ವರದಲ್ಲಿ ಅಣೆಕಟ್ಟನ್ನು ಕಟ್ಟಿಸಿದ ತರುವಾಯ, ಕಲ್ಲು ಹೇರಳವಾಗಿ ದೊರೆಯುವ ದಖ್ಖನಿನ ಪ್ರಸ್ಥಭೂಮಿಯತ್ತ ಕಾಲುವೆಯ ಯೋಜನೆಗಳು ತಿರುಗಿದುವು.

ಕರ್ನಾಟಕದ ಪೂರ್ವಪರಂಪರೆ

ಯಂತ್ರಯುಗದ ಕಾಲುವೆಗಳು ಬರುವುದಕ್ಕೆ ಮುನ್ನವೇ ಕನ್ನಡ ನಾಡಿನಲ್ಲಿ ನೀರನ್ನು ಕಲ್ಲಿನ ಮೇಲೆ ಒಯ್ಯುವ, ಕಲ್ಲಿನಿಂದ ನೀರನ್ನು ದಾಟುವ ಕಲೆಯು ಪಕ್ವವಾಗಿದ್ದಿತು. ವಿಜಯನಗರದ ಅರಸರ ಕಾಲದಲ್ಲಿ ತುಂಗಭದ್ರೆಯಿಂದ ತೆಗೆದ ರಾಯ, ಬಸವಣ್ಣ, ತುರ್ತು ಮೊದಲಾದ ಕಾಲುವೆಗಳು ಇಂದಿಗೂ ಗದ್ದೆಗಳಿಗೆ ನೀರುಣಿಸುತ್ತಿವೆ. ಹಂಪೆಯ ಅರಮನೆಯ ಆವರಣದಲ್ಲಿ ಕಲ್ಲುಕಂಬಗಳ ಮೇಲೆ ಕಲ್ಲಿನ ದೋಣಿಗಳನ್ನು ಜೋಡಿಸಿ ನೀರು ಹರಿಸಿದ ಮೇಲ್ಗಾಲುವೆಯೂ, ವಿಠ್ಠಲ ದೇವಾಲಯದ ಸಮೀಪದಲ್ಲಿ ನದಿಯೊಳಗೆ ಸಾಲಾಗಿ ನಿಂತಿರುವ ಸೇತುವೆಯ ಕಂಬಗಳೂ ಆ ಕಾಲದ ರೀತಿಯನ್ನು ತಿಳಿಸುತ್ತವೆ. ಮೈಸೂರು ಅರಸರ ಕಾಲದ ಬಂಗಾರದೊಡ್ಡಿ ನಾಲೆಯು ಕಾವೇರಿಯ ಶಾಖೆಯೊಂದನ್ನು ಕಲ್ಲಿನ ಮೇಲ್ಗಾಲುವೆಯಿಂದ ದಾಟಿ ಶ್ರೀರಂಗಪಟ್ಟಣದ ದ್ವೀಪವನ್ನು ಪ್ರವೇಶಿಸುವುದು.

ದೇಶೀಯ ಪದ್ಧತಿಯ ಅತ್ಯುತ್ತಮ ನಿದರ್ಶನವು ದಿವಾನ್ ಪೂರ್ಣಯ್ಯನವರ ಮೇಲ್ವಿಚಾರಣೆಯಲ್ಲಿ 1804ರಲ್ಲಿ ಶ್ರೀರಂಗಪಟ್ಟಣದಲ್ಲಿ ಪೂರ್ತಿಯಾದ ವೆಲ್ಲೆಸ್ಲಿ ಸೇತುವೆ. ನದಿಯ ತಳದ ಬಂಡೆಯಲ್ಲಿ ನಿಲ್ಲಿಸಿದ ಕಲ್ಲುಕಂಬಗಳು, ಅವುಗಳ ತಲೆಯ ಮೇಲೆ ಹೊರಚಾಚಿದ ಬೋದಿಗೆಗಳು, ಬೋದಿಗೆಗಳ ಮೇಲೆ ಕಲ್ಲಿನ ತೊಲೆಗಳು, ತೊಲೆಗಳ ಮೇಲೆ ಚಪ್ಪಡಿಗಳು, ಹೀಗೆ ದೇವಾಲಯದ ಮಂಟಪವನ್ನು ಕಟ್ಟುವ ಕ್ರಮವೇ ಇಲ್ಲಿ ನದಿಯ ಅಗಲಕ್ಕೂ ಹಬ್ಬಿದೆ. ಕಮಾನಿನ ಸಹಾಯವೇ ಇಲ್ಲದೆ ಕಟ್ಟಿದ ಈ ಸೇತುವೆಯು ಕಾವೇರಿಯ ಪ್ರವಾಹಗಳನ್ನು ಎರಡು ಶತಮಾನಗಳಿಗೂ ಮಿಕ್ಕು ತಾಳಿಕೊಂಡು ನಿಂತಿರುವುದೇ ಅದರ ಯೋಗ್ಯತೆಗೆ ಸಾಕ್ಷಿ.

ಕರ್ನೂಲು–ಕಡಪ ಕಾಲುವೆ

ಕನ್ನಡ ನಾಡಿನ ಅಂಚಿನಲ್ಲಿ ಯುರೋಪಿನ ಮಾದರಿಯ ಕಾಲುವೆಯು ಮೊದಲು ಬಂದುದು ತುಂಗಭದ್ರೆಯ ಬಲದಂಡೆಯಲ್ಲಿ. ಕಾಟನ್ನನ ಸಲಹೆಯನ್ನು ಅನುಸರಿಸಿ 1858ರಲ್ಲಿ ಸ್ಥಾಪಿತವಾದ ಮದ್ರಾಸ್ ಇರಿಗೇಷನ್ ಅಂಡ್ ಕೆನಾಲ್ ಕಂಪನಿಯು, ಬಂಡವಾಳದ ಮೇಲೆ ಬಡ್ಡಿಯ ಭರವಸೆಯನ್ನು ಸರ್ಕಾರದಿಂದ ಪಡೆದು, ನೀರಾವರಿಗೂ ದೋಣಿಗಳ ಸಂಚಾರಕ್ಕೂ ಒದಗುವ ವಿಶಾಲವಾದ ಕಾಲುವೆಗಳ ಜಾಲವನ್ನು ಸಂಕಲ್ಪಿಸಿತು. ಬಳ್ಳಾರಿಯ ಸೀಮೆಯೂ ಸೇರಿದ್ದ ಆ ಮಹಾಸಂಕಲ್ಪದಲ್ಲಿ ಕಾರ್ಯರೂಪಕ್ಕೆ ಬಂದುದು ಒಂದು ಭಾಗ ಮಾತ್ರ. ಕರ್ನೂಲಿಗೆ ಸುಮಾರು 27 ಕಿ.ಮೀ. ಮೇಲೆ ಸುಂಕೇಶುಲದಲ್ಲಿ ನದಿಗೆ ಅಡ್ಡಲಾಗಿ ಅಣೆಕಟ್ಟನ್ನು ಕಟ್ಟಿ, ಅಲ್ಲಿಂದ 190 ಮೈಲು, ಅಂದರೆ ಸುಮಾರು 306 ಕಿ.ಮೀ. ಉದ್ದದ ಕಾಲುವೆಯನ್ನು ತೋಡಿ, ತುಂಗಭದ್ರೆಯ ನೀರನ್ನು ಪೆನ್ನಾರಿನ ಕಣಿವೆಗೆ ತಿರುಗಿಸಲಾಯಿತು. 1860ರ ದಶಕದಲ್ಲಿ ಸಾಗಿದ ಈ ಕಾಮಗಾರಿಯು 1871ರ ಹೊತ್ತಿಗೆ ಮುಗಿಯಿತು.

ಕಾಲುವೆಯು ಕರ್ನೂಲು ಪಟ್ಟಣದ ಬಳಿ ಹಿಂದ್ರಿ ನದಿಯನ್ನು ಎದುರುಗೊಳ್ಳುವುದು. ಅಲ್ಲಿ ಕಮಾನುಗಳ ಸಾಲಿನ ಮೇಲೆ ಕಾಲುವೆಯನ್ನು ಒಯ್ದಿರುವುದರಿಂದ, ಒಂದು ನದಿಯ ನೀರು ಇನ್ನೊಂದು ನದಿಯ ಮೇಲೆ ಅಡ್ಡಲಾಗಿ ಹಾಯುವುದು. ಈ ಹಿಂದ್ರಿ ಮೇಲ್ಗಾಲುವೆಯೇ ಆ ಇಡೀ ಕಾಮಗಾರಿಯ ಮುಖ್ಯ ಕಟ್ಟಡವೆಂದು ಪ್ರಸಿದ್ಧವಾಗಿದೆ. ಅಣೆಕಟ್ಟು, ಮೇಲ್ಗಾಲುವೆ, ದೋಣಿಗಳನ್ನು ಮಟ್ಟದಿಂದ ಮಟ್ಟಕ್ಕೆ ಏರಿಳಿಸುವ ಜಲಬಂಧ, ದಾರಿಯ ಸೇತುವೆ ಎಂಬ ನಾಲ್ಕು ಬಗೆಯ ಕಟ್ಟಡಗಳೂ ಒಂದೇ ಕಾಲುವೆಯಲ್ಲಿ ಕೂಡಿದ ಉದಾಹರಣೆಯು ಈ ಪ್ರದೇಶದಲ್ಲಿ ಇದಕ್ಕೆ ಸಮನಾಗಿ ಮತ್ತೊಂದಿಲ್ಲ.

ಕಟ್ಟಡವು ದೃಢವಾಗಿದ್ದರೂ ಲೆಕ್ಕವು ದೃಢವಾಗಿರಲಿಲ್ಲ. ಎರೆಮಣ್ಣಿನ ರೈತನು ಹದವಾದ ಮಳೆ ಬಂದ ವರ್ಷ ಕಾಲುವೆಯ ನೀರನ್ನು ಕೊಳ್ಳದೆ, ಬರಗಾಲ ಬಂದಾಗ ಮಾತ್ರ ಅದನ್ನು ಅಪೇಕ್ಷಿಸುತ್ತಿದ್ದನು. ಆ ಭೂಮಿಗೆ ಮಿತಿಮೀರಿದ ನೀರು ಅಹಿತವೆಂಬುದು ಅವನಿಗೆ ತಿಳಿದಿದ್ದಿತು. ನಿರೀಕ್ಷಿತ ಆದಾಯವು ಬಾರದೆ ಕಂಪನಿಯು ನಷ್ಟಕ್ಕೆ ಸಿಕ್ಕಿ, 1882ರಲ್ಲಿ ಸರ್ಕಾರವು ಕಾಲುವೆಯನ್ನು ಕೊಂಡುಕೊಂಡಿತು. ದೋಣಿಗಳ ಸಂಚಾರವು ರೈಲಿನ ಸ್ಪರ್ಧೆಯನ್ನು ತಾಳಲಾರದೆ ಕ್ರಮೇಣ ನಿಂತುಹೋದರೂ ನೀರಾವರಿಯು ಮುಂದುವರಿದಿದೆ.

ರಚನೆ

ಕಮಾನಿನ ಸೇತುವೆಯಲ್ಲಿ ಎರಡು ದಂಡೆಗಳ ಆಧಾರಗೋಡೆಗಳು, ನಡುವೆ ಬೇಕಾದಲ್ಲಿ ಕಂಬಗಳು, ಇವುಗಳ ಮೇಲೆ ಕಮಾನು, ಕಮಾನಿನ ಬೆನ್ನನ್ನು ತುಂಬಿ ಸಮಮಾಡುವ ಗರಸು ಅಥವಾ ಕಾಡುಗಲ್ಲು, ಅದರ ಮೇಲೆ ದಾರಿ, ದಾರಿಯ ಇಕ್ಕೆಲಗಳಲ್ಲಿ ಕೈಗೋಡೆ, ದಂಡೆಯ ಮಣ್ಣು ಕುಸಿಯದಂತೆ ನಾಲ್ಕು ಮೂಲೆಗಳಿಂದಲೂ ಚಾಚಿದ ರೆಕ್ಕೆಗೋಡೆಗಳು, ಇಷ್ಟು ಅಂಗಗಳಿರುತ್ತವೆ. ಇವುಗಳಲ್ಲಿ ಕಮಾನು ಪ್ರಾಣಸ್ವರೂಪವಾದುದು. ಕಲ್ಲು ಒತ್ತಡವನ್ನು ಅಪಾರವಾಗಿ ಸಹಿಸಬಲ್ಲುದು, ಎಳೆತವನ್ನು ಸಹಿಸಲಾರದು; ಕಮಾನಿನ ಆಕಾರವು ಮೇಲಿನ ಭಾರವನ್ನೆಲ್ಲ ಒತ್ತಡವಾಗಿ ಮಾರ್ಪಡಿಸಿ ಕಲ್ಲಿನಿಂದ ಕಲ್ಲಿಗೆ ದಾಟಿಸುತ್ತ ಕೊನೆಗೆ ಆಧಾರಗೋಡೆಗೆ ಒಪ್ಪಿಸುವುದರಿಂದ, ಕಲ್ಲಿನ ಗುಣಕ್ಕೆ ಇದಕ್ಕಿಂತ ಹೊಂದುವ ಆಕಾರವಿಲ್ಲ.

ಕಮಾನನ್ನು ಕಟ್ಟುವ ಕ್ರಮವು ಹೀಗಿದೆ. ಮೊದಲು ಮರದ ತೊಲೆ ಹಲಗೆಗಳಿಂದ ಕಮಾನಿನ ಒಳಮೈಗೆ ಸರಿಯಾದ ಅಚ್ಚನ್ನು ನಿಲ್ಲಿಸುವರು. ಕಲ್ಲುಕುಟಿಗರು ಬಂಡೆಯ ಮೇಲೆ ಗೆರೆ ಹಿಡಿದು ಸಾಲಾಗಿ ಸಣ್ಣ ಕುಳಿಗಳನ್ನು ಉಳಿಯಿಂದ ತೋಡಿ, ಅವುಗಳಲ್ಲಿ ಬೆಣೆಗಳನ್ನಿಟ್ಟು ಒಂದರ ಬಳಿಕ ಒಂದನ್ನು ಸುತ್ತಿಗೆಯಿಂದ ಬಡಿಯುತ್ತ ಹೋಗಲು, ಬಂಡೆಯು ಗೆರೆಯುದ್ದಕ್ಕೂ ಸೀಳಿ ಬೇರೆಯಾಗುವುದು; ಈ ಕುಳಿಗಳ ಅರೆಭಾಗಗಳು ಹಳೆಯ ಕಟ್ಟಡಗಳ ಕಲ್ಲಿನ ಅಂಚುಗಳಲ್ಲಿ ಹಲ್ಲಿನ ಸಾಲಿನಂತೆ ಉಳಿದಿರುವುದುಂಟು. ಹೀಗೆ ದೊರೆತ ಕಲ್ಲನ್ನು ಒಳಗಡೆ ಕಿರಿದಾಗಿಯೂ ಹೊರಗಡೆ ಅಗಲವಾಗಿಯೂ ಬೆಣೆಯ ಆಕಾರಕ್ಕೆ ತಂದು, ಗೌಂಡಿಗಳು ಎರಡು ಕಡೆಯ ಆಧಾರಗಳಿಂದಲೂ ಏಕಕಾಲದಲ್ಲಿ ಅಚ್ಚಿನ ಮೇಲೆ ಜೋಡಿಸುತ್ತ ಬರುವರು. ಒಂದು ಪಕ್ಕವು ಇನ್ನೊಂದಕ್ಕಿಂತ ಮುಂದೆ ಹೋದಲ್ಲಿ ಅಚ್ಚು ವಾಲಿ ಕಮಾನಿನ ವಕ್ರತೆ ಕೆಡುವುದು. ನಡುನೆತ್ತಿಯಲ್ಲಿ ಉಳಿದ ಸಂದಿಗೆ ಕೀಲುಗಲ್ಲನ್ನು ಬಿಗಿಯಾಗಿ ಇಳಿಸಿ, ಗಾರೆಯು ಸಾಕಷ್ಟು ಗಟ್ಟಿಯಾದ ಮೇಲೆ ಅಚ್ಚನ್ನು ಸ್ವಲ್ಪ ಸ್ವಲ್ಪವಾಗಿ ತಗ್ಗಿಸಿ ತೆಗೆಯುವರು. ಆಗ ಕಮಾನು ಕೊಂಚ ಕುಗ್ಗಿ, ಪ್ರತಿಯೊಂದು ಕಲ್ಲೂ ತನ್ನ ನೆರೆಯ ಕಲ್ಲನ್ನು ಒತ್ತಿ ನಿಲ್ಲುವುದು.

ಗಾರೆಗೆ ಸುಣ್ಣವೇ ಮೂಲದ್ರವ್ಯ. ಬರಿಯ ಸುಣ್ಣದ ಗಾರೆಯು ನೀರಿನಲ್ಲಿ ಗಟ್ಟಿಯಾಗದಾದುದರಿಂದ, ಚೆನ್ನಾಗಿ ಸುಟ್ಟ ಇಟ್ಟಿಗೆಯ ಪುಡಿಯನ್ನು, ಎಂದರೆ ಸುರ್ಕಿಯನ್ನು, ಅದರೊಡನೆ ಬೆರೆಸಿ ಎತ್ತುಗಳು ಸುತ್ತುವ ಗಾಣದಲ್ಲಿ ಅರೆಯುತ್ತಿದ್ದರು. ಸಿಮೆಂಟು ಸುಲಭವಾಗಿ ದೊರೆಯತೊಡಗಿದ ಮೇಲೆಯೂ ಈ ಗಾರೆಯು ತನ್ನ ಸ್ಥಾನವನ್ನು ಬೇಗನೆ ಬಿಟ್ಟುಕೊಡಲಿಲ್ಲ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರವನ್ನೂ, 1953ರಲ್ಲಿ ನೀರು ನಿಲ್ಲಿಸಿದ ತುಂಗಭದ್ರಾ ಅಣೆಕಟ್ಟನ್ನೂ ಸುರ್ಕಿ ಗಾರೆಯ ಕಲ್ಲುಕಟ್ಟಡವಾಗಿಯೇ ನಿರ್ಮಿಸಲಾಯಿತು.

ಕಮಾನಿನ ಎತ್ತರವನ್ನು ಗೊತ್ತುಮಾಡುವುದು ಕಾಲುವೆಯ ಉದ್ದೇಶ. 6 ಮೀಟರು ಅಗಲದ ಅರ್ಧವೃತ್ತಾಕಾರದ ಕಮಾನು 3 ಮೀಟರು ಮೇಲೇರುವುದು. ದೋಣಿ ಸಾಗುವ ಕಾಲುವೆಯಲ್ಲಿ ಈ ಎತ್ತರವು ಅವಶ್ಯಕವಾದುದರಿಂದ ಅಂಥ ಸೇತುವೆಗಳ ದಾರಿಯು ನಡುವೆ ಉಬ್ಬಿ ಎರಡೂ ಕಡೆಗೆ ಇಳಿಜಾರಾಗಿರುವುದು. ನೀರಾವರಿಗಷ್ಟೇ ಮೀಸಲಾದ ಕಾಲುವೆಯಲ್ಲಿ ನೀರಿನ ಪೂರ್ಣಮಟ್ಟದ ಮೇಲೆ ಕೆಲವು ಅಡಿ ತೆರವು ಸಾಕಾಗುವುದರಿಂದ ವೃತ್ತದ ಒಂದು ಖಂಡವನ್ನು ಮಾತ್ರ ತೆಗೆದುಕೊಂಡ ತಗ್ಗುಕಮಾನನ್ನು ಕಟ್ಟುವರು. ಗಾಡಿಯೆತ್ತುಗಳಿಗೆ ಏರು ತಪ್ಪುವುದು, ಆದರೆ ಕಮಾನು ತಗ್ಗಿದಷ್ಟೂ ಅದು ಆಧಾರಗೋಡೆಗಳನ್ನು ಹೊರಕ್ಕೆ ತಳ್ಳುವ ಬಲವು ಹೆಚ್ಚುವುದರಿಂದ ಗೋಡೆಗಳನ್ನು ದಪ್ಪವಾಗಿ ಕಟ್ಟಬೇಕಾಗುವುದು.

ನೀರಿನ ದಾರಿಯನ್ನು ಕಿರಿದುಗೊಳಿಸುವುದು ಇನ್ನೊಂದು ವಿಚಾರ. ಸೇತುವೆಯ ಕಣ್ಣುಗಳು ಕಾಲುವೆಯ ಅಗಲಕ್ಕಿಂತ ಬಹಳ ಸಣ್ಣವಾದಲ್ಲಿ ಮೇಲ್ಭಾಗದಲ್ಲಿ ನೀರು ಏರಿ ದಂಡೆಯನ್ನು ಮೀರುವ ಭಯವುಂಟು, ಕೆಳಭಾಗದಲ್ಲಿ ಹರಿವು ರಭಸಗೊಂಡು ತಳವನ್ನು ಕೊರೆಯುವುದು. ಇದರ ನಿವಾರಣೆಗಾಗಿ ಸೇತುವೆಯ ಹಿಂದುಮುಂದಣ ತಳಕ್ಕೂ ಪಕ್ಕಗಳಿಗೂ ಕಲ್ಲುಹಾಸನ್ನು ಹಾಕುವರು.

ಪ್ರಕಾರಗಳು

ಮೇಲ್ಮೈಯ ಆಕಾರದಿಂದ ಚಪ್ಪಡಿ ಸೇತುವೆ, ತೊಲೆ-ಬೋದಿಗೆಯ ಸೇತುವೆ, ಕಮಾನು ಸೇತುವೆ ಎಂದು ಮೂರು ಬಗೆ. ಚಪ್ಪಡಿಯು ಕಿರುಗಾಲುವೆಗಳಿಗೆ ಮಾತ್ರ ಸಲ್ಲುವುದು. ದಾರಿಯು ಕಾಲುವೆಯನ್ನು ನೇರವಾಗಿ ಅಡ್ಡಹಾಯದೆ ಓರೆಯಾಗಿ ದಾಟುವಲ್ಲಿ ಕಟ್ಟುವ ಓರೆಕಮಾನು ಕಮಾನುಗಳಲ್ಲೆಲ್ಲ ಕಷ್ಟತರವಾದುದು. ಅದರಲ್ಲಿ ಕಲ್ಲಿನ ವರಸೆಗಳು ಆಧಾರಗೋಡೆಗೆ ಸಮಾನಾಂತರವಾಗಿರದೆ ತಿರುಪಿನಂತೆ ಸುತ್ತುತ್ತ ಏರುವುದರಿಂದ, ಕಲ್ಲುಗಳ ಮುಖಗಳನ್ನು ವಕ್ರವಾಗಿ ಕೆತ್ತಬೇಕಾಗುವುದು.

ಮೇಲೆ ಸಾಗುವ ವಸ್ತುವಿನಿಂದ ಭೇದ ಮಾಡುವುದಾದರೆ ಗಾಡಿಯ ಸೇತುವೆ, ಕಾಲುಸೇತುವೆ, ಮೇಲ್ಗಾಲುವೆ ಇವು ಮುಖ್ಯ. ಕಾಲುವೆಯ ಮಟ್ಟಕ್ಕಿಂತ ಎತ್ತರದಲ್ಲಿ ಬರುವ ಹಳ್ಳವನ್ನು ಕಾಲುವೆಯ ಮೇಲೆಯೇ ದಾಟಿಸುವ ಕಟ್ಟಡವೂ, ಎರಡರ ಮಟ್ಟಗಳೂ ಸಮೀಪದಲ್ಲಿದ್ದಾಗ ಒಂದನ್ನು ಕೆಳಕ್ಕೆ ಬಗ್ಗಿಸಿ ಮತ್ತೆ ಮೇಲಕ್ಕೆತ್ತುವ ಬಾಗುಕೊಳವೆಯ ಕಟ್ಟಡವೂ ಉಂಟು. ನೀರನ್ನು ತಡೆಯುವ ಬಾಗಿಲುಗಳ ಮೇಲೆಯೇ ದಾರಿಯನ್ನು ಹಾಯಿಸಿದ ಸೇತುವೆಗಳಲ್ಲಿ ಒಂದೇ ಖರ್ಚಿನಿಂದ ಎರಡು ಪ್ರಯೋಜನಗಳು ಲಭಿಸುವುದರಿಂದ ಅವು ಕಾಲುವೆಗಳಲ್ಲಿಯೂ ನದಿಗಳಲ್ಲಿಯೂ ಪ್ರಚಾರಕ್ಕೆ ಬಂದಿವೆ. ಭೀಮಾ ನದಿಗೆ ಸನ್ನತಿಯಲ್ಲಿಯೂ ಗುರುಸಣಗಿಯಲ್ಲಿಯೂ ಕಟ್ಟಿರುವ ಸೇತುವೆ ಸಹಿತ ಬ್ಯಾರೇಜುಗಳು ಇದೇ ತತ್ತ್ವದ ಆಧುನಿಕ ರೂಪಗಳು.

ಯಾದಗಿರಿ, ಶಹಾಪುರ, ಸುರಪುರ ಸೀಮೆ

ಈ ಮೂರು ಪಟ್ಟಣಗಳೂ ಕಲ್ಲಿನ ಗುಡ್ಡಗಳ ಮಡಿಲಲ್ಲಿವೆ. ಯಾದಗಿರಿಯ ಕೋಟೆಯ ಬೆಟ್ಟ, ಶಹಾಪುರದ ಮಲಗಿದ ಬುದ್ಧನ ಆಕೃತಿಯ ಬೆಟ್ಟ, ಸುರಪುರದ ಸುತ್ತಣ ಬಂಡೆಸಾಲು ಇವೆಲ್ಲ ಕಣಶಿಲೆಯವು. ಉತ್ತರಕ್ಕೆ ಭೀಮೆಯ ಕಣಿವೆಯಲ್ಲಿ ಹಾಸುಗಲ್ಲಾಗಿ ಸೀಳುವ ಸುಣ್ಣಶಿಲೆಯು ದೊರೆಯುತ್ತದೆ. ಕಟ್ಟುವ ಕಲ್ಲಿಗೂ ಸುಡುವ ಸುಣ್ಣಕ್ಕೂ ಇಲ್ಲಿ ಕೊರತೆಯಿರಲಿಲ್ಲ. ಹಾಗಿದ್ದೂ ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿಗೆ ದೊಡ್ಡ ಕಾಲುವೆ ಬಾರದಿದ್ದುದಕ್ಕೆ ಕಾರಣವು ನದಿಗಳ ಸ್ವಭಾವ. ಕೃಷ್ಣೆಯೂ ಭೀಮೆಯೂ ತಮ್ಮ ದಂಡೆಗಳಿಗಿಂತ ಬಹಳ ಆಳದಲ್ಲಿ ಹರಿಯುವುದರಿಂದ, ಎತ್ತರವಾದ ಅಣೆಕಟ್ಟಿಲ್ಲದೆ ಅವುಗಳ ನೀರನ್ನು ಹೊಲಗಳ ಮಟ್ಟಕ್ಕೆ ತರಲು ಸಾಧ್ಯವಿರಲಿಲ್ಲ.

ಆದಕಾರಣ ಇಲ್ಲಿನ ನೀರಾವರಿಯು ಕೆರೆ ಬಾವಿಗಳನ್ನೇ ನಂಬಿಕೊಂಡಿದ್ದಿತು. ಸುರಪುರದ ಅರಸ ವೆಂಕಟಪ್ಪ ನಾಯಕನು ಅಪ್ರಾಪ್ತವಯಸ್ಕನಾಗಿದ್ದ ಕಾಲದಲ್ಲಿ, 1841ರಿಂದ 1853ರವರೆಗೆ, ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಮೆಡೋಸ್ ಟೇಲರನು ದಾರಿಗಳನ್ನೂ ಕೆರೆಗಳನ್ನೂ ಸುಧಾರಿಸಿದನು. ಇಂದು ಪಕ್ಷಿಧಾಮವಾಗಿರುವ ಬೋನಾಳದ ಕೆರೆಯು ಅವನ ಕಾಲದಲ್ಲಿ ವಿಸ್ತಾರಗೊಂಡಿತು. 1858ರ ಬಂಡಾಯದ ಬಳಿಕ ಸಂಸ್ಥಾನವು 1860ರ ಒಪ್ಪಂದದ ಮೇರೆಗೆ ನಿಜಾಮನ ರಾಜ್ಯಕ್ಕೆ ಸೇರಿತು. ಯಂತ್ರಯುಗದ ಸೇತುವೆ ವಿದ್ಯೆಯು ಈ ಸೀಮೆಗೆ ಬಂದುದು ಕಾಲುವೆಯ ಮೂಲಕವಲ್ಲ, ರೈಲಿನ ಮೂಲಕ: ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯು ಸೊಲ್ಲಾಪುರದಿಂದ ಯಾದಗಿರಿಯ ಮಾರ್ಗವಾಗಿ ಬಂದು, ಭೀಮೆಯನ್ನೂ ಕೃಷ್ಣೆಯನ್ನೂ ದಾಟಿ, 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ರೈಲ್ವೆಯನ್ನು ಕೂಡಿತು. ಕರ್ನೂಲಿನ ಕಾಲುವೆಯೂ ರಾಯಚೂರಿನ ರೈಲೂ ಒಂದೇ ಕಾಲಕ್ಕೆ ಸೇರಿದವು ಎಂಬುದು ಗಮನಾರ್ಹ. ದೇಶಕ್ಕೆ ಕಾಲುವೆ ಹಿತವೋ ರೈಲು ಹಿತವೋ ಎಂಬ ಆಗಿನ ವಾದದಲ್ಲಿ ಕಾಟನ್ನನು ಕಾಲುವೆಯ ಪಕ್ಷವನ್ನು ಕೊನೆಯವರೆಗೂ ಎತ್ತಿಹಿಡಿದನು.

ಕಾಲುವೆಯು ಇಲ್ಲಿಗೆ ಬಂದುದು ಒಂದು ಶತಮಾನದ ನಂತರ. ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲನ್ನಿಟ್ಟರು. ನಾರಾಯಣಪುರದ ಬಳಿ ಬಸವಸಾಗರ ಜಲಾಶಯವು 1982ರಲ್ಲಿ ಸಿದ್ಧವಾಗಿ, ಅದೇ ವರ್ಷ ಎಡದಂಡೆ ಕಾಲುವೆಯಲ್ಲಿ ನೀರು ಹರಿಯಿತು. ಸುಮಾರು 78 ಕಿ.ಮೀ. ಉದ್ದದ ಈ ಮುಖ್ಯ ಕಾಲುವೆಯಿಂದಲೂ ಅದರ ಮುಂದಣ ಶಾಖೆಗಳಿಂದಲೂ ಹುಣಸಗಿ, ಸುರಪುರ, ಶಹಾಪುರ, ಜೇವರ್ಗಿ ಸೀಮೆಗಳಿಗೆ ನೀರು ಹಂಚಿಹೋಗುವುದು. ಶಹಾಪುರ ಶಾಖಾ ಕಾಲುವೆಯೊಂದೇ ಸುಮಾರು 76 ಕಿ.ಮೀ. ಉಂಟು. 1994ರಲ್ಲಿ ಸ್ಥಾಪಿತವಾದ ಕೃಷ್ಣಾ ಭಾಗ್ಯ ಜಲ ನಿಗಮವು ಇವುಗಳ ನಿರ್ವಹಣೆಯನ್ನು ವಹಿಸಿಕೊಂಡಿದೆ, ಶಹಾಪುರದ ಬಳಿಯ ಭೀಮರಾಯನಗುಡಿಯು ಅದರ ಒಂದು ಮುಖ್ಯ ಕೇಂದ್ರ. ಈ ಹೊತ್ತಿಗೆ ಕಮಾನಿನ ಕಾಲವು ಮುಗಿದಿದ್ದಿತು. ಕಲ್ಲಿನ ಆಧಾರಗೋಡೆ ಮತ್ತು ಕಂಬಗಳ ಮೇಲೆ ಕಬ್ಬಿಣದ ಸರಳುಳ್ಳ ಕಾಂಕ್ರೀಟಿನ ಹಲಗೆಯನ್ನು ಹಾಸುವ ಮಿಶ್ರಪದ್ಧತಿಯು ಆ ಕಾಲದ ಕಾಲುವೆಗಳಲ್ಲಿ ಸಾಮಾನ್ಯವಾದುದು.

ಈ ಸೀಮೆಯಲ್ಲಿ ಸೇತುವೆ ಕಟ್ಟುವವರಿಗೆ ಎದುರಾಗುವ ವಿಶೇಷ ತೊಡಕು ಎರೆಭೂಮಿ. ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಆಳವಾಗಿ ಬಿರಿಯುವ ಈ ಮಣ್ಣಿನ ಮೇಲೆ ನಿಲ್ಲಿಸಿದ ಗೋಡೆಯು ಕೆಲವೇ ವರ್ಷಗಳಲ್ಲಿ ಸೀಳುಬಿಡುವುದರಿಂದ, ಅಡಿಪಾಯವನ್ನು ಗರಸಿನವರೆಗೆ ಅಥವಾ ಬಂಡೆಯವರೆಗೆ ಒಯ್ಯಲೇಬೇಕು. ಎರೆಮಣ್ಣಿಗೂ ಕಾಲುವೆಯ ಮೈಗೂ ನಡುವೆ ಉಬ್ಬದ ಗಟ್ಟಿಮಣ್ಣಿನ ಪದರವನ್ನು ಕೊಟ್ಟು ಈ ದೋಷವನ್ನು ಅಡಗಿಸುವ ಉಪಾಯವನ್ನು ಮುಂಬಯಿಯ ಐಐಟಿಯ ಆರ್. ಕೆ. ಕಟ್ಟಿಯವರು ಮಲಪ್ರಭಾ ಕಾಲುವೆಗಳ ಕಾಮಗಾರಿಯ ಸಂದರ್ಭದಲ್ಲಿ ರೂಪಿಸಿದರು. ಅದು ದೇಶದ ಇತರ ಎರೆಭೂಮಿಯ ಕಾಲುವೆಗಳಿಗೂ ಅನ್ವಯಿಸಲ್ಪಟ್ಟಿದೆ.

ಉಪಯೋಗಗಳು

ಹೊಲಕ್ಕೂ ಊರಿಗೂ ನಡುವೆ ಜನ, ದನ, ಗಾಡಿಗಳ ಸಂಚಾರವು ಇದರ ಪ್ರಥಮ ಪ್ರಯೋಜನ. ತೊಗರಿ, ಜೋಳ, ಶೇಂಗಾಗಳ ಮಸಾರಿ ಮತ್ತು ಎರೆ ಹೊಲಗಳಿಗೆ ಕಾಲುವೆಯು ಬಂದು ಭತ್ತ, ಹತ್ತಿ, ಮೆಣಸಿನಕಾಯಿಗಳು ಹೆಚ್ಚಿದ ಮೇಲೆ ಸಾಗಿಸಬೇಕಾದ ಹುಟ್ಟುವಳಿಯ ಭಾರವೂ ಸೇತುವೆಗಳ ಮೇಲೆ ಹೆಚ್ಚಿದೆ. ಸೇತುವೆಯ ಗೋಡೆಯಲ್ಲಿ ಅಳತೆಯ ಪಟ್ಟಿಯನ್ನು ಬರೆದು ನೀರಿನ ಮಟ್ಟವನ್ನು ಓದುವುದೂ, ಪಕ್ಕದಲ್ಲಿ ಮೆಟ್ಟಿಲುಗಳನ್ನು ಕಟ್ಟಿ ಬಟ್ಟೆ ಒಗೆಯಲು ಎಡೆ ಮಾಡಿಕೊಡುವುದೂ ರೂಢಿಯಲ್ಲಿವೆ.

ಇಂದಿನ ಸ್ಥಿತಿ

ಎತ್ತಿನ ಗಾಡಿಯನ್ನು ಮನಸ್ಸಿನಲ್ಲಿಟ್ಟು ಕಟ್ಟಿದ ಸೇತುವೆಗಳ ಮೇಲೆ ಲಾರಿ, ಟ್ರಾಕ್ಟರುಗಳು ಸಾಗತೊಡಗಿವೆ. ಕಮಾನು ಈ ಭಾರಕ್ಕೆ ಸಾಮಾನ್ಯವಾಗಿ ಸೋಲುವುದಿಲ್ಲ. ಇಕ್ಕಟ್ಟಾದ ಅಗಲವೂ ಕೈಗೋಡೆಗೆ ತಗಲುವ ಪೆಟ್ಟುಗಳೂ ಅದಕ್ಕೆ ಮುಳುವಾಗಿವೆ. ಗಾರೆಯು ತೊಳೆದುಹೋದ ಸಂದಿಗಳಲ್ಲಿ ಅರಳಿ, ಆಲದ ಸಸಿಗಳು ಬೇರೂರುವುದು ಎಲ್ಲಕ್ಕಿಂತ ಹೆಚ್ಚಿನ ಹಾನಿಕಾರಕ. ಎಳೆಯ ಸಸಿಯನ್ನು ಕಿತ್ತು ಸಂದಿಗೆ ಸುಣ್ಣದ ಗಾರೆಯನ್ನು ತುಂಬುವ ಸಣ್ಣ ಕೆಲಸವು ಕಾಲಕಾಲಕ್ಕೆ ನಡೆದಲ್ಲಿ ಇಂತಹ ಕಟ್ಟಡಗಳ ಆಯುಸ್ಸಿಗೆ ಮಿತಿಯೆಂಬುದಿಲ್ಲ. ಸುಣ್ಣದ ಕಟ್ಟಡಕ್ಕೆ ಸಿಮೆಂಟನ್ನು ಮೆತ್ತುವುದು ಸರಿಯಾದ ಕ್ರಮವಲ್ಲ. ಗಡುಸಾದ ಸಿಮೆಂಟು ಒಳಗಿನ ತೇವವನ್ನು ಹೊರಬಿಡದೆ ಕಲ್ಲಿನ ಮುಖವನ್ನೇ ಕೀಳುವುದು.

2009ರ ಅಕ್ಟೋಬರಿನಲ್ಲಿ ತುಂಗಭದ್ರೆಯೂ ಹಿಂದ್ರಿಯೂ ಉಕ್ಕಿ ಕರ್ನೂಲು ನಗರವು ಮುಳುಗಿತು. ಸುಂಕೇಶುಲದ ಹಳೆಯ ಅಣೆಕಟ್ಟಿನ ಸ್ಥಾನವನ್ನು ಈಗ ಬ್ಯಾರೇಜು ವಹಿಸಿಕೊಂಡಿದೆ. ಕರ್ನೂಲು–ಕಡಪ ಕಾಲುವೆಯನ್ನು ನೀರಾವರಿ ಮತ್ತು ನೀರುಬಸಿಯುವಿಕೆಯ ಅಂತರರಾಷ್ಟ್ರೀಯ ಆಯೋಗವು 2020ರಲ್ಲಿ ಪಾರಂಪರಿಕ ನೀರಾವರಿ ರಚನೆಗಳ ಪಟ್ಟಿಗೆ ಸೇರಿಸಿತು. ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಯು ಹೊಸ ಸೇತುವೆಗೆ ಭಾರವನ್ನು ಒಪ್ಪಿಸಿ ನಿಂತಿದೆ.

ಪ್ರಾಚೀನ ಸ್ಮಾರಕಗಳನ್ನು ಕುರಿತ 1958ರ ಕೇಂದ್ರ ಅಧಿನಿಯಮದ ಮೇರೆಗೆ ಯಾವುದೇ ಕಟ್ಟಡವು ಸ್ಮಾರಕವೆನಿಸಬೇಕಾದರೆ ಅದಕ್ಕೆ ಕಡಮೆಯೆಂದರೆ 100 ವರ್ಷಗಳಾಗಿರಬೇಕು. 1982ರಲ್ಲಿ ನೀರು ಕಂಡ ನಾರಾಯಣಪುರ ಎಡದಂಡೆ ಕಾಲುವೆಯ ಸೇತುವೆಗಳು ಈ ಮಿತಿಯನ್ನು ಮುಟ್ಟುವುದು 2082ರ ಸುಮಾರಿಗೆ. ಅದುವರೆಗೆ ಅವುಗಳ ರಕ್ಷಣೆಯು ಕಾಲುವೆಯ ವಾರ್ಷಿಕ ದುರಸ್ತಿಯ ಲೆಕ್ಕಕ್ಕೇ ಸೇರಿದುದಾಗಿರುತ್ತದೆ.